ಬರ್ಟಿ ಅಹರ್ನ್: ಮೂರು ಚುನಾವಣೆ ಗೆದ್ದರು, ಬ್ಯಾಂಕ್ ಚೀಟಿಯ ಮುಂದೆ ಸೋತರು

ಐರ್ಲೆಂಡಿನಲ್ಲಿ 'ಬರ್ಟಿ' ಅಂದರೆ ಸಾಕು. ಯಾವ ಬರ್ಟಿ ಅಂತ ಯಾರೂ ಕೇಳುವುದಿಲ್ಲ. ಅಧಿಕಾರ ಬಿಟ್ಟು ಹದಿನೇಳು ವರ್ಷ ದಾಟಿದೆ. ಆದರೂ ಆ ಹೆಸರು ತೆಗೆದರೆ ಪಬ್ಬಿನಲ್ಲೂ ಟಿವಿ ಸ್ಟುಡಿಯೋದಲ್ಲೂ ಜನ ಎರಡು ಪಾಲಾಗುತ್ತಾರೆ. ಉತ್ತರ ಐರ್ಲೆಂಡಿನಲ್ಲಿ ದಿನಾ ಹೆಣ ಬೀಳುವುದು ನಿಂತಿದ್ದರೆ ಅದರಲ್ಲಿ ಈ ಮನುಷ್ಯನ ಪಾತ್ರ ದೊಡ್ಡದು ಅಂತ ಒಂದು ಪಾಲು. ಪ್ರಮಾಣ ಮಾಡಿ ಸಾಕ್ಷಿ ಹೇಳುವ ಜಾಗದಲ್ಲಿ ಇವರು ನಿಜ ಹೇಳಲಿಲ್ಲ ಅಂತ ಇನ್ನೊಂದು ಪಾಲು. ಇಬ್ಬರ ಮಾತಿಗೂ ದಾಖಲೆ ಇದೆ.

ಬರ್ಟಿ ಅಹರ್ನ್ 1997ರ ಜೂನ್‌ನಿಂದ 2008ರ ಮೇವರೆಗೆ, ಹತ್ತಿರ ಹತ್ತಿರ ಹನ್ನೊಂದು ವರ್ಷ, ಐರ್ಲೆಂಡಿನ ಪ್ರಧಾನಿ. ಅಲ್ಲಿ ಆ ಹುದ್ದೆಗೆ ಟೀಶಕ್ ಅಂತಾರೆ. ಏಮನ್ ಡಿ ವಲೇರಾ ಅವರನ್ನು ಬಿಟ್ಟರೆ ಅಷ್ಟು ವರ್ಷ ಆ ಕುರ್ಚಿಯಲ್ಲಿ ಕೂತವರು ಇನ್ನೊಬ್ಬರಿಲ್ಲ. 1997, 2002, 2007, ಮೂರೂ ಚುನಾವಣೆಗಳಾದ ಮೇಲೆ ಸರ್ಕಾರ ರಚಿಸಿದ್ದು ಅವರೇ. 2012ರಲ್ಲಿ ಅವರ ಸ್ವಂತ ಪಕ್ಷ ಫಿಯಾನಾ ಫಾಲ್ ಅವರನ್ನು ಉಚ್ಚಾಟಿಸಲು ಹೊರಟಿತು. 2023ರಲ್ಲಿ ಅದೇ ಪಕ್ಷ ಮತ್ತೆ ಸದಸ್ಯತ್ವ ಕೊಟ್ಟಿತು. 2025ರಲ್ಲಿ ರಾಷ್ಟ್ರಾಧ್ಯಕ್ಷರ ಚುನಾವಣೆ ಬಂದಾಗ ಅವರ ಹೆಸರೂ ಓಡಾಡಿತು. ಹಾಗಾಗಿ ಇದು ಮುಗಿದ ಕಥೆ ಅಲ್ಲ. ಒಬ್ಬ ನಾಯಕ ಮಾಡಿದ ದೊಡ್ಡ ಕೆಲಸ, ಅವರು ಲೆಕ್ಕ ಕೊಡದೇ ಬಿಟ್ಟ ಹಣವನ್ನು ಮುಚ್ಚಿಹಾಕಬಹುದಾ? ಐರ್ಲೆಂಡ್ ಇವತ್ತಿಗೂ ಈ ಪ್ರಶ್ನೆ ಇಟ್ಟುಕೊಂಡೇ ಕೂತಿದೆ.

ನನ್ನ ಪ್ರಕಾರ ಮುಚ್ಚಿಹಾಕಲು ಆಗದು. ಆದರೆ ಅಷ್ಟೇ ಹೇಳಿ ಸುಮ್ಮನಾದರೆ ಅಹರ್ನ್ ಅರ್ಥವಾಗುವುದಿಲ್ಲ. ಎಲ್ಲವನ್ನೂ ಗುರುತು-ಪರಿಚಯದ ಮೇಲೆ, ಬಾಯಿಮಾತಿನ ಮೇಲೆ ನಡೆಸುವುದು, ಕೊನೆಯವರೆಗೂ ಯಾವುದನ್ನೂ ಪೂರ್ತಿ ಬಿಡಿಸಿ ಹೇಳದಿರುವುದು ಅವರ ರೀತಿ. ಬೆಲ್‌ಫಾಸ್ಟ್‌ನ ಮಾತುಕತೆ ಮೇಜಿನಲ್ಲಿ ಈ ರೀತಿ ಜೀವ ಉಳಿಸಿತು. ಡಬ್ಲಿನ್‌ನ ವಿಚಾರಣಾ ಕೊಠಡಿಯಲ್ಲಿ ಅದಕ್ಕೆ ಬೆಲೆ ಇರಲಿಲ್ಲ.

ಡ್ರಮ್‌ಕಾಂಡ್ರದ ಪಡೆ

ಅಹರ್ನ್ ಹುಟ್ಟಿದ್ದು 1951ರಲ್ಲಿ, ಉತ್ತರ ಡಬ್ಲಿನ್‌ನ ಡ್ರಮ್‌ಕಾಂಡ್ರದಲ್ಲಿ. ಅಪ್ಪ-ಅಮ್ಮ ಇಬ್ಬರೂ ಕಾರ್ಕ್ ಕಡೆಯವರು. ಅಪ್ಪ ಬ್ರಿಟಿಷರ ವಿರುದ್ಧದ ಸ್ವಾತಂತ್ರ್ಯ ಹೋರಾಟದಲ್ಲಿ ಇದ್ದವರು, ಆಮೇಲೆ ಆಲ್ ಹ್ಯಾಲೋಸ್ ಪಾದ್ರಿ ಕಾಲೇಜಿನ ಜಮೀನು ನೋಡಿಕೊಳ್ಳುತ್ತಿದ್ದರು. ಮಗ ಮೇಟರ್ ಆಸ್ಪತ್ರೆಯ ಲೆಕ್ಕಪತ್ರ ವಿಭಾಗದಲ್ಲಿ ಕೆಲಸಕ್ಕೆ ಸೇರಿದರು. ಈ ಒಂದು ವಿವರ ನೆನಪಿನಲ್ಲಿರಲಿ, ಮುಂದೆ ಬೇಕಾಗುತ್ತದೆ. 1977ರಲ್ಲಿ ಫಿಯಾನಾ ಫಾಲ್ ನಾಯಕ ಜ್ಯಾಕ್ ಲಿಂಚ್ ಅವರ ಅಲೆ ಎದ್ದಾಗ 25 ವರ್ಷದ ಅಹರ್ನ್ ಕೆಳಮನೆ ಡಾಲ್‌ಗೆ ಆಯ್ಕೆಯಾದರು.

ಅವರು ಬೆಳೆದ ರೀತಿ ತಿಳಿಯಬೇಕಾದರೆ ಅಲ್ಲಿನ ಮತದಾನ ಪದ್ಧತಿ ಗೊತ್ತಿರಬೇಕು. ಐರ್ಲೆಂಡಿನಲ್ಲಿ ಒಂದು ಕ್ಷೇತ್ರಕ್ಕೆ ಒಬ್ಬ ಸಂಸದ ಅಲ್ಲ, ಮೂವರಿಂದ ಐವರು. ಮತದಾರ 1, 2, 3 ಅಂತ ಇಷ್ಟದ ಕ್ರಮದಲ್ಲಿ ನಂಬರ್ ಹಾಕುತ್ತಾರೆ. ಒಂದೇ ಪಕ್ಷದ ಇಬ್ಬರು ಒಂದೇ ಕ್ಷೇತ್ರದಲ್ಲಿ ನಿಲ್ಲುವುದು ಮಾಮೂಲು. ಅಂದರೆ ಎದುರು ಪಕ್ಷದವರಷ್ಟೇ ಭಯ ಸ್ವಂತ ಪಕ್ಷದವರದ್ದೂ ಇರುತ್ತದೆ. ಇಂಥ ಕಡೆ ಗೆಲ್ಲಬೇಕಾದರೆ ಪಕ್ಷದ ಹೆಸರು ಸಾಲದು. ಬೀದಿ ಬೀದಿಯಲ್ಲಿ ಸ್ವಂತ ಜನ ಬೇಕು. ಯಾರ ಮನೆಯಲ್ಲಿ ಸಾವಾಯಿತು, ಯಾರ ಪಿಂಚಣಿ ನಿಂತಿತು, ಯಾರ ಮಗನಿಗೆ ಮನೆ ಬೇಕು, ಎಲ್ಲ ಗೊತ್ತಿರಬೇಕು.

ಇದರಲ್ಲಿ ಅಹರ್ನ್ ಅವರನ್ನು ಮೀರಿಸಿದವರಿಲ್ಲ. ಡ್ರಮ್‌ಕಾಂಡ್ರದ ಮುಖ್ಯರಸ್ತೆಯಲ್ಲಿ ಸೇಂಟ್ ಲೂಕ್ಸ್ ಅಂತ ಒಂದು ಕೆಂಪಿಟ್ಟಿಗೆ ಮನೆ. ಅದೇ ಅವರ ಕಚೇರಿ. ಸುತ್ತ ಹಳೇ ಗೆಳೆಯರ ಒಂದು ಪಡೆ. ಪತ್ರಿಕೆಗಳು ಆ ಪಡೆಯನ್ನು 'ಡ್ರಮ್‌ಕಾಂಡ್ರ ಮಾಫಿಯಾ' ಅಂತ ಕರೆದವು. ಚುನಾವಣೆ ಇರಲಿ ಬಿಡಲಿ, ವರ್ಷಪೂರ್ತಿ ಬಾಗಿಲು ತಟ್ಟುತ್ತಿದ್ದವರು ಅವರು. ಮಂತ್ರಿಯಾದ ಮೇಲೂ, ಪ್ರಧಾನಿಯಾದ ಮೇಲೂ ಅಹರ್ನ್ ಬೀದಿಗೆ ಇಳಿದು ಜನರ ಹೆಸರು ಹಿಡಿದು ಮಾತಾಡುತ್ತಿದ್ದರು. ಹಳೇ ಜಾಕೆಟ್ಟು, ಡಬ್ಲಿನ್‌ನ ಕೆಲಸಗಾರರ ಉಚ್ಚಾರಣೆ, ಡಬ್ಲಿನ್ ಗೇಲಿಕ್ ಫುಟ್‌ಬಾಲ್ ಮತ್ತು ಮ್ಯಾಂಚೆಸ್ಟರ್ ಯುನೈಟೆಡ್ ಹುಚ್ಚು. ಜನ ಅವರನ್ನು ನಮ್ಮವನು ಅಂದುಕೊಂಡರು. ಅದು ನಾಟಕ ಅಂತ ನನಗೆ ಅನಿಸುವುದಿಲ್ಲ. ಅವರು ನಿಜವಾಗಿ ಆ ಬೀದಿಯವರೇ.

1987ರಲ್ಲಿ ಕಾರ್ಮಿಕ ಸಚಿವರಾದರು. ಆಗ ಐರ್ಲೆಂಡ್ ಸಾಲದಲ್ಲಿ ಮುಳುಗಿತ್ತು, ಹುಡುಗರು ದೇಶ ಬಿಟ್ಟು ಹೋಗುತ್ತಿದ್ದರು. ಕಾರ್ಮಿಕ ಸಂಘಗಳು, ಮಾಲೀಕರು ಮತ್ತು ಸರ್ಕಾರ ಒಂದೇ ಮೇಜಿಗೆ ಕೂತು ಸಂಬಳ-ತೆರಿಗೆ ಬಗ್ಗೆ ಒಪ್ಪಂದ ಮಾಡಿಕೊಳ್ಳುವ ಪದ್ಧತಿ ಆ ವರ್ಷ ಶುರುವಾಯಿತು. ಮುಷ್ಕರಗಳ ನಡುವೆ ರಾತ್ರಿಯಿಡೀ ಕೂತು ಎರಡೂ ಕಡೆಯನ್ನು ಹತ್ತಿರ ತರುವುದು ಅಹರ್ನ್ ಕೈಗೆ ಸಿಕ್ಕ ಕಲೆ. ಆಮೇಲೆ 1991ರಿಂದ 1994ರವರೆಗೆ ಹಣಕಾಸು ಸಚಿವ.

ಅವರ ಗುರು ಚಾರ್ಲ್ಸ್ ಹಾಹಿ. ಆ ಕಾಲದ ಪ್ರಧಾನಿ, ಪಕ್ಷದ ನಾಯಕ. ಹಾಹಿ ಒಮ್ಮೆ ಪತ್ರಕರ್ತರ ಎದುರು ಅಹರ್ನ್ ಅವರನ್ನು ತೋರಿಸಿ, ಇವರೆಲ್ಲರಲ್ಲಿ ಅತ್ಯಂತ ಚಾಣಾಕ್ಷ, ಅತ್ಯಂತ ಕುಟಿಲ, ಅತ್ಯಂತ ಕಪಟಿ ಇವನೇ ಅಂತ ಮೆಚ್ಚಿಕೊಂಡು ಹೇಳಿದ್ದರು. ಹಾಹಿ ಬಾಯಲ್ಲಿ ಅದು ಹೊಗಳಿಕೆ. ಹಾಹಿ ಉದ್ಯಮಿಗಳಿಂದ ಗುಟ್ಟಾಗಿ ದೊಡ್ಡ ಮೊತ್ತ ಪಡೆಯುತ್ತಿದ್ದದ್ದು 1997ರಲ್ಲಿ ಬಯಲಾಯಿತು. ಪಕ್ಷದ ನಾಯಕನ ಭತ್ಯೆ ಅಂತ ಸರ್ಕಾರ ಕೊಡುತ್ತಿದ್ದ ಹಣದ ಖಾತೆಯ ಚೆಕ್ಕುಗಳಿಗೆ ಎರಡು ಸಹಿ ಬೇಕಿತ್ತು. ಒಂದು ಹಾಹಿಯದು, ಇನ್ನೊಂದು ಅಹರ್ನ್ ಅವರದು. ಅಹರ್ನ್ ಖಾಲಿ ಚೆಕ್ಕುಗಳಿಗೆ ಮೊದಲೇ ಸಹಿ ಹಾಕಿ ಕೊಡುತ್ತಿದ್ದರು. ಹಾಹಿ ಆ ಹಣವನ್ನು ಸ್ವಂತಕ್ಕೂ ಬಳಸಿದ್ದರು. ಇದು ಸರಿಯಲ್ಲ, ಎಚ್ಚರಿಕೆಯ ನಡೆಯೂ ಅಲ್ಲ ಅಂತ ಮೋರಿಯಾರ್ಟಿ ವಿಚಾರಣಾ ಆಯೋಗ 2006ರಲ್ಲಿ ಹೇಳಿತು. ಹೆಚ್ಚೇನೂ ಆಗಲಿಲ್ಲ. ಆದರೆ ಇವರ ಮುಂದಿನ ಕಥೆಯ ಬೀಜ ಇಲ್ಲೇ ಇದೆ. ಹಣ ಎಲ್ಲಿಗೆ ಹೋಗುತ್ತದೆ ಅಂತ ಕೇಳದಿರುವುದು ಅವರಿಗೆ ನಿಷ್ಠೆಯ ಗುರುತಾಗಿ ಕಂಡಿತ್ತು.

ಅಮ್ಮನ ಮಣ್ಣು ಮುಗಿಸಿ ಮತ್ತೆ ಬೆಲ್‌ಫಾಸ್ಟ್‌ಗೆ

1998ರ ಏಪ್ರಿಲ್ ಮೊದಲ ವಾರ. ಉತ್ತರ ಐರ್ಲೆಂಡಿನಲ್ಲಿ ಮೂವತ್ತು ವರ್ಷದಲ್ಲಿ 3,500ಕ್ಕೂ ಹೆಚ್ಚು ಜನ ಸತ್ತಿದ್ದರು. ಬ್ರಿಟನ್ ಜೊತೆ ಇರಬೇಕು ಅನ್ನುವ ಯೂನಿಯನಿಸ್ಟರು, ಐರ್ಲೆಂಡ್ ಒಂದಾಗಬೇಕು ಅನ್ನುವ ನ್ಯಾಷನಲಿಸ್ಟರು ಬೆಲ್‌ಫಾಸ್ಟ್‌ನ ಸ್ಟಾರ್ಮಂಟ್‌ನ ಕಟ್ಟಡದಲ್ಲಿ ಕೂತಿದ್ದರು. ಮಾತುಕತೆ ನಡೆಸುತ್ತಿದ್ದ ಅಮೆರಿಕದ ಜಾರ್ಜ್ ಮಿಚೆಲ್ ಗುರುವಾರ ನಡುರಾತ್ರಿಯ ಗಡುವು ಕೊಟ್ಟಿದ್ದರು. ಅದೇ ಸೋಮವಾರ ಅಹರ್ನ್ ತಾಯಿ ಜೂಲಿಯಾ ತೀರಿಕೊಂಡರು.

ಬುಧವಾರ ಬೆಳಿಗ್ಗೆ ಅಹರ್ನ್ ಬೆಲ್‌ಫಾಸ್ಟ್‌ಗೆ ಹೋಗಿ ಬ್ರಿಟನ್ ಪ್ರಧಾನಿ ಟೋನಿ ಬ್ಲೇರ್ ಅವರನ್ನು ಕಂಡರು. ಮಧ್ಯಾಹ್ನ ಡಬ್ಲಿನ್‌ಗೆ ಬಂದು ಅಮ್ಮನ ಅಂತ್ಯಕ್ರಿಯೆ ಮುಗಿಸಿದರು. ಅವತ್ತೇ ಮತ್ತೆ ಸ್ಟಾರ್ಮಂಟ್‌ಗೆ ಹೊರಟರು. ಬಿಕ್ಕಟ್ಟು ಎಲ್ಲಿತ್ತು ಅಂದರೆ, ಉತ್ತರ ಮತ್ತು ದಕ್ಷಿಣ ಸೇರಿ ನಡೆಸುವ ಜಂಟಿ ಸಂಸ್ಥೆಗಳ ಪಟ್ಟಿ. ಮಿಚೆಲ್ ಹಂಚಿದ ಕರಡಿನಲ್ಲಿ ಆ ಪಟ್ಟಿ ಬಹಳ ಉದ್ದ ಇತ್ತು. ಡಬ್ಲಿನ್ ಸರ್ಕಾರ ಕಷ್ಟಪಟ್ಟು ಸೇರಿಸಿದ್ದ ಪಟ್ಟಿ ಅದು. ಯೂನಿಯನಿಸ್ಟ್ ನಾಯಕ ಡೇವಿಡ್ ಟ್ರಿಂಬಲ್ ಅದನ್ನು ಒಪ್ಪಿದರೆ ಅವರ ಪಕ್ಷವೇ ಒಡೆದು ಹೋಗುತ್ತಿತ್ತು. ಆ ಪಟ್ಟಿಯನ್ನು ಮತ್ತೆ ಬಿಚ್ಚಿ ಚಿಕ್ಕದು ಮಾಡೋಣ ಅಂತ ಒಪ್ಪಿದ್ದು ಅಹರ್ನ್. ಅಧಿಕಾರಿಗಳು ತಿಂಗಳುಗಟ್ಟಲೆ ಗುದ್ದಾಡಿ ಗಳಿಸಿದ್ದನ್ನು ಅವರು ಬಿಟ್ಟುಕೊಟ್ಟರು. ಹಠ ಹಿಡಿದು ಕೂತಿದ್ದರೆ ಅವತ್ತು ಮಾತುಕತೆ ಮುರಿದು ಬೀಳುತ್ತಿತ್ತು.

ಏಪ್ರಿಲ್ 10, ಗುಡ್ ಫ್ರೈಡೇ ದಿನ ಒಪ್ಪಂದ ಆಯಿತು. ಇಡೀ ದ್ವೀಪ ನಮ್ಮದು ಅಂತ ಐರ್ಲೆಂಡಿನ ಸಂವಿಧಾನದಲ್ಲಿ ಇದ್ದ 2 ಮತ್ತು 3ನೇ ವಿಧಿಗಳನ್ನು ಬದಲಿಸಲು ಅಹರ್ನ್ ಒಪ್ಪಿದರು. ಅವರ ಪಕ್ಷ ಹುಟ್ಟಿದ್ದೇ ಆ ಹಕ್ಕೊತ್ತಾಯದ ಮೇಲೆ, ಅವರ ಅಪ್ಪ ಹೋರಾಡಿದ್ದೂ ಅದಕ್ಕೇ. ಆದರೂ ಆ ನಿರ್ಧಾರವನ್ನು ಜನರ ಮುಂದಿಟ್ಟರು. ಮೇ 22ರ ಜನಮತದಲ್ಲಿ ದಕ್ಷಿಣದ ಶೇ 94, ಉತ್ತರದ ಶೇ 71 ಮಂದಿ ಹೌದು ಅಂದರು.

ಒಪ್ಪಂದದ ಕೆಲವು ಮಾತುಗಳನ್ನು ಬೇಕೆಂತಲೇ ಎರಡು ಅರ್ಥ ಬರುವ ಹಾಗೆ ಬರೆದಿದ್ದರು. ಶಸ್ತ್ರಾಸ್ತ್ರ ಕೆಳಗಿಡುವುದು ಯಾವಾಗ, ಅಧಿಕಾರ ಹಂಚಿಕೆಗೆ ಅದು ಷರತ್ತಾ ಅಲ್ಲವಾ ಅನ್ನುವುದನ್ನು ಪ್ರತಿ ಪಕ್ಷವೂ ತನ್ನ ಜನಕ್ಕೆ ಬೇರೆ ಬೇರೆ ರೀತಿ ಹೇಳಿಕೊಳ್ಳುವಷ್ಟು ಜಾಗ ಇತ್ತು. ಅದರಿಂದ ಆಮೇಲೆ ತೊಂದರೆಯೂ ಆಯಿತು. ಉತ್ತರ ಐರ್ಲೆಂಡಿನಲ್ಲಿ ಎರಡೂ ಕಡೆಯವರು ಸೇರಿ ನಡೆಸುವ ಸ್ಟಾರ್ಮಂಟ್ ಸರ್ಕಾರ ಹಲವು ಸಲ ನಿಂತುಹೋಯಿತು. ಅದನ್ನು ಮತ್ತೆ ಮತ್ತೆ ಎಬ್ಬಿಸಲು ಅಹರ್ನ್ ಒಂಬತ್ತು ವರ್ಷ ಓಡಾಡಿದರು. 2007ರ ಏಪ್ರಿಲ್‌ನಲ್ಲಿ ಇಯನ್ ಪೇಸ್ಲಿ ಡಬ್ಲಿನ್‌ಗೆ ಬಂದು ಅವರ ಕೈ ಕುಲುಕಿದರು. ಡಬ್ಲಿನ್ ಸರ್ಕಾರದ ಹೆಸರು ಕೇಳಿದರೆ ಉರಿದು ಬೀಳುತ್ತಿದ್ದ, ಇಡೀ ಜೀವನ 'ಆಗಲ್ಲ' ಅಂದೇ ಹೆಸರಾದ ಯೂನಿಯನಿಸ್ಟ್ ಪಾದ್ರಿ-ರಾಜಕಾರಣಿ ಪೇಸ್ಲಿ. ಮರು ತಿಂಗಳು ಇಬ್ಬರೂ, 1690ರಲ್ಲಿ ಪ್ರೊಟೆಸ್ಟೆಂಟ್ ರಾಜ ಕ್ಯಾಥೊಲಿಕ್ ರಾಜನನ್ನು ಸೋಲಿಸಿದ ಬಾಯ್ನ್ ಯುದ್ಧಭೂಮಿಯಲ್ಲಿ ಒಟ್ಟಿಗೆ ನಿಂತರು. ಪೇಸ್ಲಿ ಒಂದು ಹಳೇ ಬಂದೂಕನ್ನು ಉಡುಗೊರೆಯಾಗಿ ತಂದಿದ್ದರು. ಅದೇ ತಿಂಗಳು ಬ್ರಿಟನ್ ಸಂಸತ್ತಿನ ಎರಡೂ ಸದನಗಳನ್ನು ಉದ್ದೇಶಿಸಿ ಮಾತಾಡಿದ ಮೊದಲ ಐರಿಷ್ ಪ್ರಧಾನಿ ಆದರು ಅಹರ್ನ್.

ಇದನ್ನು ಇಷ್ಟು ಬಿಡಿಸಿ ಹೇಳಿದ್ದಕ್ಕೆ ಕಾರಣ ಇದೆ. ಅವರ ಪತನದ ಬಗ್ಗೆ ಬರೆಯುವವರು ಈ ಭಾಗವನ್ನು ಎರಡು ಸಾಲಲ್ಲಿ ಮುಗಿಸುತ್ತಾರೆ. ಅದು ಅನ್ಯಾಯ. ಇವತ್ತು ಬೆಲ್‌ಫಾಸ್ಟ್‌ನಲ್ಲಿ ಇಪ್ಪತ್ತೈದು ವರ್ಷದ ಯುವಕ-ಯುವತಿಯರು ಬಾಂಬಿನ ಸದ್ದು ಕೇಳದೇ ಬೆಳೆದಿದ್ದಾರೆ.

ಉಬ್ಬಿದ ಕಾಲ

ಅಹರ್ನ್ ಬಂದಾಗ ನಿರುದ್ಯೋಗ ಶೇ 10ರ ಸುತ್ತಮುತ್ತ ಇತ್ತು. ಕೆಲವೇ ವರ್ಷಗಳಲ್ಲಿ ಅದು ಶೇ 5ಕ್ಕಿಂತ ಕೆಳಗೆ ಬಂತು. ಅಮೆರಿಕದ ಐಟಿ ಮತ್ತು ಔಷಧ ಕಂಪನಿಗಳು ಬಂದವು. ದೇಶ ಬಿಟ್ಟು ಹೋಗಿದ್ದವರು ವಾಪಸ್ ಬಂದರು. ಜಗತ್ತಿಗೇ ಮೊದಲು, 2004ರಲ್ಲಿ, ಪಬ್ಬು-ಹೋಟೆಲು ಎಲ್ಲ ಕಡೆ ಸಿಗರೇಟು ನಿಷೇಧಿಸಿದ ದೇಶ ಐರ್ಲೆಂಡ್. ಆಗ ಆರೋಗ್ಯ ಸಚಿವರಾಗಿದ್ದವರು ಇವತ್ತು ಪ್ರಧಾನಿಯಾಗಿರುವ ಮಿಹಾಲ್ ಮಾರ್ಟಿನ್.

ಆದರೆ 2001-02ರ ನಂತರದ ಬೆಳವಣಿಗೆ ಬೇರೆ ಥರದ್ದು. ಅದು ರಫ್ತಿನ ಮೇಲೆ ನಿಂತಿರಲಿಲ್ಲ, ಇಟ್ಟಿಗೆ-ಸಿಮೆಂಟಿನ ಮೇಲೆ ನಿಂತಿತ್ತು. ಯೂರೋ ಬಂದ ಮೇಲೆ ಬಡ್ಡಿ ಇಳಿಯಿತು. ಬ್ಯಾಂಕುಗಳು ಕೇಳಿದವರಿಗೆಲ್ಲ ಸಾಲ ಕೊಟ್ಟವು. ಹಣಕಾಸು ಸಚಿವ ಚಾರ್ಲಿ ಮೆಕ್ರೀವಿ ಬಂಡವಾಳ ಲಾಭದ ತೆರಿಗೆಯನ್ನು ಶೇ 40ರಿಂದ 20ಕ್ಕೆ ಇಳಿಸಿದರು. ಕಟ್ಟಡ ಕಟ್ಟುವವರಿಗೆ ತೆರಿಗೆ ರಿಯಾಯಿತಿಗಳು ಮುಂದುವರಿದವು. 2006ರ ಒಂದೇ ವರ್ಷ, ನಲವತ್ತೆರಡು ಲಕ್ಷ ಜನರ ದೇಶದಲ್ಲಿ, ಅಂದಿನ ಅಧಿಕೃತ ಲೆಕ್ಕದ ಪ್ರಕಾರ ಸುಮಾರು 90 ಸಾವಿರ ಮನೆ ಎದ್ದವು. ಮನೆ ಮಾರಾಟದಿಂದ ಬಂದ ತೆರಿಗೆಯಲ್ಲಿ ಸರ್ಕಾರ ಸಂಬಳ, ಪಿಂಚಣಿ ಏರಿಸಿತು. ಮನೆ ಮಾರಾಟ ನಿಂತರೆ ಆ ದುಡ್ಡೂ ನಿಲ್ಲುತ್ತದೆ ಅಂತ ಎಚ್ಚರಿಸಿದ ಅರ್ಥಶಾಸ್ತ್ರಜ್ಞರು ಇದ್ದರು. ಅಂಥವರ ಬಗ್ಗೆ 2007ರ ಜುಲೈನಲ್ಲಿ ಅಹರ್ನ್ ಒಂದು ಭಾಷಣದಲ್ಲಿ, ಹೀಗೆ ಗೊಣಗುತ್ತ ಕೂರುವವರು ಯಾಕೆ ಆತ್ಮಹತ್ಯೆ ಮಾಡಿಕೊಳ್ಳುವುದಿಲ್ಲವೋ ಗೊತ್ತಿಲ್ಲ ಅನ್ನುವ ಅರ್ಥದ ಮಾತಾಡಿಬಿಟ್ಟರು. ಅದಕ್ಕೆ ಕ್ಷಮೆ ಕೇಳಿದರು. ಆದರೆ ಒಂದೇ ವರ್ಷದಲ್ಲಿ ಗೊಣಗಿದವರ ಮಾತೇ ನಿಜವಾಯಿತು.

ಕನ್ನಡಿಗರ ಬದುಕಿಗೆ ನೇರವಾಗಿ ತಾಗುವ ಎರಡು ವಿಷಯಗಳೂ ಈ ಕಾಲದವು. ಐರ್ಲೆಂಡಿನಲ್ಲಿ ಹುಟ್ಟಿದ ಮಗುವಿಗೆ ಹುಟ್ಟಿನಿಂದಲೇ ಪೌರತ್ವ ಸಿಗುತ್ತಿತ್ತು. 2004ರ ಜೂನ್‌ನಲ್ಲಿ ಅಹರ್ನ್ ಸರ್ಕಾರ ನಡೆಸಿದ ಜನಮತದಲ್ಲಿ ಶೇ 79 ಮತಗಳಿಂದ ಅದು ರದ್ದಾಯಿತು. ಇವತ್ತು ಡಬ್ಲಿನ್‌ನಲ್ಲಿ ಐಟಿ ಅಥವಾ ಆಸ್ಪತ್ರೆ ಕೆಲಸದಲ್ಲಿರುವ ಕನ್ನಡಿಗ ದಂಪತಿ, ಮಗು ಹುಟ್ಟುವ ಮುಂಚೆ ಎಷ್ಟು ವರ್ಷ ಇಲ್ಲಿದ್ದೇವೆ ಅಂತ ಲೆಕ್ಕ ಹಾಕುವುದು ಆ ತಿದ್ದುಪಡಿಯಿಂದ.

ಇನ್ನೊಂದು ಬಹಳ ನೋವಿನದು. ತಾಯಿಯ ಜೀವಕ್ಕೆ ನಿಜವಾದ ಅಪಾಯ ಇದ್ದರೆ ಗರ್ಭಪಾತ ಮಾಡಬಹುದು ಅಂತ ಅಲ್ಲಿನ ಸುಪ್ರೀಂ ಕೋರ್ಟ್ 1992ರಲ್ಲೇ ಹೇಳಿತ್ತು. ಆತ್ಮಹತ್ಯೆಯ ಅಪಾಯವೂ ಅದರಲ್ಲಿ ಸೇರಿತ್ತು. ಯಾವ ಸ್ಥಿತಿಯಲ್ಲಿ, ಯಾರು ನಿರ್ಧರಿಸಬೇಕು ಅನ್ನುವ ಕಾನೂನನ್ನು ಮುಂದಿನ ಇಪ್ಪತ್ತು ವರ್ಷ ಯಾವ ಸರ್ಕಾರವೂ ಮಾಡಲಿಲ್ಲ. ಅಹರ್ನ್ ಸರ್ಕಾರ 2002ರಲ್ಲಿ ಆತ್ಮಹತ್ಯೆಯ ಕಾರಣವನ್ನು ತೆಗೆದುಹಾಕಲು ಜನಮತ ನಡೆಸಿ ಸುಮಾರು 10 ಸಾವಿರ ಮತಗಳಿಂದ ಸೋತಿತು. ಆಮೇಲೆ ಆರು ವರ್ಷ ಆ ವಿಷಯ ಮುಟ್ಟಲಿಲ್ಲ. 2012ರ ಅಕ್ಟೋಬರ್‌ನಲ್ಲಿ ಬೆಳಗಾವಿಯ ಸವಿತಾ ಹಾಲಪ್ಪನವರ್, ಕೇಳಿದ ಗರ್ಭಪಾತ ಸಿಗದೆ, ಗಾಲ್ವೇ ಆಸ್ಪತ್ರೆಯಲ್ಲಿ ತೀರಿಕೊಂಡಾಗ ವೈದ್ಯರು ನಿಂತಿದ್ದದ್ದು ಅದೇ ಅಸ್ಪಷ್ಟ ಕಾನೂನಿನ ನೆರಳಲ್ಲಿ. ಇದಕ್ಕೆ ಅಹರ್ನ್ ಒಬ್ಬರೇ ಹೊಣೆ ಅನ್ನುವುದು ತಪ್ಪು. ಇಪ್ಪತ್ತು ವರ್ಷದ ಎಲ್ಲ ಸರ್ಕಾರಗಳದ್ದೂ ಪಾಲಿದೆ. ಆದರೆ ಅದರಲ್ಲಿ ಹನ್ನೊಂದು ವರ್ಷ ಅವರದು. ಅಸ್ಪಷ್ಟತೆಯನ್ನು ಹಾಗೇ ಬಿಟ್ಟರೆ ಎಲ್ಲ ಕಡೆಯೂ ಶಾಂತಿ ಬರುವುದಿಲ್ಲ ಅನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಹಣ ಬಂದದ್ದು ಎಲ್ಲಿಂದ?

ಡಬ್ಲಿನ್ ಸುತ್ತಲಿನ ಹೊಲಗಳನ್ನು ವಸತಿ-ವಾಣಿಜ್ಯಕ್ಕೆ ಬದಲಿಸುವ ಅಧಿಕಾರ ಕೌನ್ಸಿಲರ್‌ಗಳ ಕೈಯಲ್ಲಿತ್ತು. ಕೈ ಎತ್ತಿದರೆ ಸಾಕು, ರಾತ್ರೋರಾತ್ರಿ ಜಮೀನಿನ ಬೆಲೆ ಹಲವು ಪಟ್ಟು ಏರುತ್ತಿತ್ತು. ಆ ಕೈ ಎತ್ತಿಸಲು ಹಣ ಹಂಚಿಕೆ ನಡೆಯುತ್ತಿತ್ತು ಅನ್ನುವ ಆರೋಪಗಳ ತನಿಖೆಗೆ 1997ರ ನವೆಂಬರ್‌ನಲ್ಲಿ ಆಯೋಗ ರಚನೆಯಾಯಿತು. ರಚಿಸಿದ್ದು ಅಹರ್ನ್ ಸರ್ಕಾರವೇ. ಮೊದಲು ಫ್ಲಡ್ ಆಯೋಗ, ಆಮೇಲೆ ನ್ಯಾಯಾಧೀಶರ ಹೆಸರಿನಿಂದ ಮಹೊನ್ ಆಯೋಗ. ಅಹರ್ನ್ ತಮ್ಮ ಮೊದಲ ಸಂಪುಟಕ್ಕೆ ತೆಗೆದುಕೊಂಡಿದ್ದ ರೇ ಬರ್ಕ್ ಕೆಲವೇ ತಿಂಗಳಲ್ಲಿ ರಾಜೀನಾಮೆ ಕೊಟ್ಟರು, 2005ರಲ್ಲಿ ತೆರಿಗೆ ಅಪರಾಧಕ್ಕೆ ಜೈಲಿಗೆ ಹೋದರು. ಅವರನ್ನು ಸೇರಿಸಿಕೊಳ್ಳುವ ಮುಂಚೆ ಉತ್ತರ ಡಬ್ಲಿನ್‌ನ ಪ್ರತಿ ಮರ ಹತ್ತಿ ವಿಚಾರಿಸಿದ್ದೆ ಅಂದಿದ್ದರು ಅಹರ್ನ್.

ಟಾಮ್ ಗಿಲ್‌ಮಾರ್ಟಿನ್ ಅನ್ನುವ ಉದ್ಯಮಿ, ಕ್ವಾರಿವೇಲ್‌ನ ಶಾಪಿಂಗ್ ಸೆಂಟರ್ ಯೋಜನೆಗೆ ಸಂಬಂಧಿಸಿ ಅಹರ್ನ್‌ಗೂ ಹಣ ಹೋಗಿದೆ ಅಂತ ಇನ್ನೊಬ್ಬ ಬಿಲ್ಡರ್ ತನಗೆ ಹೇಳಿದ್ದಾಗಿ ಆಯೋಗದ ಮುಂದೆ ಹೇಳಿದರು. ಆ ಬಿಲ್ಡರ್ ಅದನ್ನು ಅಲ್ಲಗಳೆದರು, ಅಹರ್ನ್ ಕೂಡ. ಆರೋಪ ನಿಜವಾ ಅಂತ ನೋಡಲು ಆಯೋಗ ಅಹರ್ನ್ ಖಾತೆಗಳನ್ನು ತೆರೆಸಿತು. ಅಲ್ಲಿಂದ ಕಥೆ ಬೇರೆ ದಾರಿ ಹಿಡಿಯಿತು.

2006ರ ಸೆಪ್ಟೆಂಬರ್ 21ರಂದು ಐರಿಷ್ ಟೈಮ್ಸ್ ಪತ್ರಿಕೆ ಈ ತನಿಖೆಯ ಸುದ್ದಿ ಹೊರಹಾಕಿತು. ಐದು ದಿನದ ನಂತರ ಅಹರ್ನ್ ಸರ್ಕಾರಿ ಟಿವಿಯಲ್ಲಿ ಸಂದರ್ಶನ ಕೊಟ್ಟರು. ಮದುವೆ ಮುರಿದದ್ದು, 1993ರಲ್ಲಿ ಕೋರ್ಟಿನಲ್ಲಿ ಬೇರೆಯಾದದ್ದು, ವಕೀಲರ ಖರ್ಚಿಗೆ ಗೆಳೆಯರು 39,000 ಪೌಂಡ್ ಸೇರಿಸಿ ಕೊಟ್ಟದ್ದು, ಅದು ಸಾಲ ಅಂತಲೇ ತಾವು ತಿಳಿದದ್ದು, ಎಲ್ಲ ಹೇಳಿದರು. ಕಣ್ಣು ತುಂಬಿ ಬಂದಿತ್ತು. ವಿಚ್ಛೇದನಕ್ಕೆ ಕಾನೂನು ಬಂದು ಆಗಿನ್ನೂ ಹತ್ತು ವರ್ಷವಾಗಿದ್ದ ದೇಶ ಅದು. ಮನೆ ಒಡೆದ ಗಂಡಸು ಕ್ಯಾಮೆರಾ ಮುಂದೆ ಹೀಗೆ ಮಾತಾಡಿದ್ದು ಜನರ ಮನಸ್ಸಿಗೆ ತಾಗಿತು. ಸಮೀಕ್ಷೆಗಳಲ್ಲಿ ಪಕ್ಷದ ಬೆಂಬಲ ಏರಿತು.

ಆದರೆ ಅದೇ ಸಂದರ್ಶನದಲ್ಲಿ ಇನ್ನೊಂದು ಮಾತು ಬಂತು. ಹಣ ಕೊಟ್ಟವರಲ್ಲಿ ಕೆಲವರು ಸರ್ಕಾರಿ ಮಂಡಳಿಗಳಿಗೆ ನೇಮಕವಾಗಿದ್ದರು. ಅದಕ್ಕೆ ಅಹರ್ನ್ ಕೊಟ್ಟ ಉತ್ತರ: ಅವರು ಏನೋ ಕೊಟ್ಟರು ಅಂತ ನೇಮಿಸಲಿಲ್ಲ, ಗೆಳೆಯರು ಅಂತ ನೇಮಿಸಿದೆ. ಇದು ಸಮರ್ಥನೆ ಅಂತಲೇ ಅವರು ಹೇಳಿದರು. ನನಗೆ ಇಡೀ ಪ್ರಕರಣದಲ್ಲಿ ಜಾಸ್ತಿ ಕಾಡುವ ಮಾತು ಇದೇ. ಸಾರ್ವಜನಿಕ ಹುದ್ದೆ ಗೆಳೆಯರಿಗೆ ಕೊಡುವಂಥದ್ದು ಅನ್ನುವುದರಲ್ಲಿ ಅವರಿಗೆ ತಪ್ಪೇ ಕಾಣಿಸಲಿಲ್ಲ. ಸೇಂಟ್ ಲೂಕ್ಸ್‌ನ ಆ ಮನೆಯಿಂದ ದೇಶವನ್ನು ನೋಡಿದರೆ ಹಾಗೇ ಕಾಣುತ್ತದೆ.

ಇನ್ನು ಖಾತೆಗಳ ವಿಷಯ. 1987ರಿಂದ 1993ರವರೆಗೆ ತಮ್ಮ ಹೆಸರಲ್ಲಿ ಬ್ಯಾಂಕ್ ಖಾತೆಯೇ ಇರಲಿಲ್ಲ ಅಂದರು ಅಹರ್ನ್. ಸುಮಾರು 50,000 ಪೌಂಡ್ ಉಳಿತಾಯವನ್ನು ನಗದಾಗಿ ತಿಜೋರಿಯಲ್ಲಿ ಇಟ್ಟಿದ್ದೆ ಅಂದರು. ಆಸ್ಪತ್ರೆಯ ಲೆಕ್ಕ ನೋಡುತ್ತಿದ್ದವರು, ಆಮೇಲೆ ದೇಶದ ಹಣಕಾಸು ಸಚಿವರಾದವರು ಹೇಳಿದ ಮಾತಿದು. ದುಡಿದು ತಿನ್ನುವ ಜನ, ಪ್ರತಿ ಪೌಂಡಿಗೂ ಬ್ಯಾಂಕಿಗೆ ಉತ್ತರ ಕೊಡುವ ಜನ, ಇಲ್ಲಿ ನಿಧಾನವಾಗಿ ದೂರ ಸರಿಯತೊಡಗಿದರು.

ಒಂದು ಚೀಟಿಯನ್ನು ಹತ್ತಿರದಿಂದ ನೋಡಿದರೆ ಆಯೋಗ ಹೇಗೆ ಕೆಲಸ ಮಾಡಿತು ಅಂತ ತಿಳಿಯುತ್ತದೆ. 1994ರ ಡಿಸೆಂಬರ್ 5ರಂದು ಡಬ್ಲಿನ್‌ನ ಓ'ಕಾನಲ್ ಬೀದಿಯ ಬ್ಯಾಂಕ್ ಶಾಖೆಯಲ್ಲಿ 28,772 ಪೌಂಡ್ 90 ಪೆನ್ಸ್ ಜಮೆಯಾಗಿದೆ. ಆಗ ಐರ್ಲೆಂಡಿಗೆ ತನ್ನದೇ ಪೌಂಡ್ ಇತ್ತು, ಬ್ರಿಟನ್ನಿನ ಸ್ಟರ್ಲಿಂಗ್ ಬೇರೆ. ಇದು ಮ್ಯಾಂಚೆಸ್ಟರ್‌ನ ಉದ್ಯಮಿ ಗೆಳೆಯರೊಬ್ಬರು ಮನೆ ರಿಪೇರಿಗೆ ಅಂತ ತಂದುಕೊಟ್ಟ ಸುಮಾರು 30,000 ಸ್ಟರ್ಲಿಂಗ್ ಅಂದರು ಅಹರ್ನ್. ಆಯೋಗದ ವಕೀಲರು ಅವತ್ತಿನ ವಿನಿಮಯ ದರ ತೆಗೆದರು. 28,772.90 ಪೌಂಡ್ ಅಂದರೆ ಆ ದಿನದ ದರದಲ್ಲಿ ಸರಿಯಾಗಿ 45,000 ಅಮೆರಿಕನ್ ಡಾಲರ್. ಒಂದು ಸೆಂಟೂ ಹೆಚ್ಚುಕಡಿಮೆ ಇಲ್ಲ. ಆ ಶಾಖೆ ಅವತ್ತು ಇಡೀ ದಿನ ಕೊಂಡ ಸ್ಟರ್ಲಿಂಗ್ ಎಷ್ಟು ಅಂತ ನೋಡಿದರು. ಎರಡು ಸಾವಿರವೂ ಇರಲಿಲ್ಲ. ಹಾಗಾದರೆ 30,000 ಎಲ್ಲಿಂದ ಬಂತು? ಅದೇ ವರ್ಷದ ಅಕ್ಟೋಬರ್‌ನ ಇನ್ನೊಂದು ಜಮೆ 24,838 ಪೌಂಡ್ 49 ಪೆನ್ಸ್. ಅದು ಸರಿಯಾಗಿ 25,000 ಸ್ಟರ್ಲಿಂಗ್‌ಗೆ ಹೊಂದಿತು. ಆದರೆ ಅಹರ್ನ್ ಹೇಳಿದ ಪ್ರಕಾರ ಅದು ಗೆಳೆಯರು ಕೊಟ್ಟ ಐರಿಷ್ ಪೌಂಡ್ ಮತ್ತು ಮ್ಯಾಂಚೆಸ್ಟರ್‌ನ ಔತಣದಲ್ಲಿ ಸಿಕ್ಕ ಒಂದಿಷ್ಟು ಸ್ಟರ್ಲಿಂಗ್ ಸೇರಿದ ಮೊತ್ತ. ಬಿಡಿಬಿಡಿಯಾಗಿ ಬಂದ ಹಣ ಇಷ್ಟು ದುಂಡಗಿನ ಸಂಖ್ಯೆ ಆಗುವುದು ಹೇಗೆ?

ಡಿಸೆಂಬರ್ 5ರ ಆ ವಾರಕ್ಕೆ ಇನ್ನೊಂದು ಮಹತ್ವ ಇದೆ. ಅಹರ್ನ್ ಆಗ ತಾನೇ ಪಕ್ಷದ ನಾಯಕರಾಗಿದ್ದರು, ಲೇಬರ್ ಪಕ್ಷದ ಬೆಂಬಲದಿಂದ ಪ್ರಧಾನಿ ಆಗುವುದರಲ್ಲಿದ್ದರು. ಕೊನೇ ಗಳಿಗೆಯಲ್ಲಿ ಲೇಬರ್ ಹಿಂದೆ ಸರಿಯಿತು, ಅವರು ಎರಡೂವರೆ ವರ್ಷ ಕಾಯಬೇಕಾಯಿತು. ಅಂದರೆ ಈ ನಗದು ಓಡಾಡಿದ್ದು ಅವರು ಹಣಕಾಸು ಸಚಿವರೂ ಆಗಿದ್ದ, ಪ್ರಧಾನಿ ಹುದ್ದೆಗೆ ಕೈಚಾಚಿದ್ದ ಹೊತ್ತಿನಲ್ಲಿ.

2007ರ ಏಪ್ರಿಲ್ 29, ಭಾನುವಾರ ಬೆಳ್ಳಂಬೆಳಿಗ್ಗೆ ಅಹರ್ನ್ ಅಧ್ಯಕ್ಷರ ಮನೆಗೆ ಹೋಗಿ ಸಂಸತ್ತು ವಿಸರ್ಜನೆ ಮಾಡಿಸಿದರು. ಮರುದಿನ ಆಯೋಗದಲ್ಲಿ ಈ ವಿಚಾರಣೆ ಶುರುವಾಗಬೇಕಿತ್ತು. ಮೇ ತಿಂಗಳಲ್ಲಿ 166ರಲ್ಲಿ 77 ಸ್ಥಾನ ಗೆದ್ದು ಗ್ರೀನ್ ಪಕ್ಷ ಮೊದಲಾದವರ ಜೊತೆ ಮತ್ತೆ ಪ್ರಧಾನಿಯಾದರು. ಗೆದ್ದ ಮೇಲೆ ವಿಚಾರಣೆ ತಪ್ಪಲಿಲ್ಲ. 2008ರ ಮಾರ್ಚ್‌ನಲ್ಲಿ ಅವರ ಹಿಂದಿನ ಕಾರ್ಯದರ್ಶಿ ಸಾಕ್ಷಿ ಹೇಳಬೇಕಾಯಿತು. ತಾನು ಜಮೆ ಮಾಡಿದ್ದು ಸ್ಟರ್ಲಿಂಗ್ ಇರಲೇಬೇಕು ಅಂತ ದಾಖಲೆಗಳ ಮುಂದೆ ಆಕೆ ಒಪ್ಪಿಕೊಂಡರು. ನನಗೆ ಮನೆಗೆ ಹೋಗಬೇಕು ಅಂತ ಅಳುತ್ತಾ ಹೇಳಿದರು. ಅಧಿಕಾರವಿಲ್ಲದ ಒಬ್ಬ ಹೆಣ್ಣುಮಗಳು ದೊಡ್ಡವರ ಲೆಕ್ಕಕ್ಕೆ ಕಟಕಟೆಯಲ್ಲಿ ನಿಂತದ್ದನ್ನು ಜನ ಸಹಿಸಲಿಲ್ಲ. ಏಪ್ರಿಲ್ 2ರಂದು ಅಹರ್ನ್ ರಾಜೀನಾಮೆ ಪ್ರಕಟಿಸಿದರು. ಅದೇ ತಿಂಗಳ 30ರಂದು ವಾಷಿಂಗ್ಟನ್‌ನಲ್ಲಿ ಅಮೆರಿಕದ ಸಂಸತ್ತಿನ ಜಂಟಿ ಅಧಿವೇಶನ ಅವರಿಗೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಜೂನ್‌ನಲ್ಲಿ ಮತ್ತೆ ಆಯೋಗದ ಮುಂದೆ ಬಂದು, ಸ್ಟರ್ಲಿಂಗ್‌ನಲ್ಲಿ ಒಂದಿಷ್ಟು ಕುದುರೆ ಜೂಜಿನಲ್ಲಿ ಗೆದ್ದದ್ದು ಅಂದರು.

ತೀರ್ಪು ಮತ್ತು ನಂತರ

ಆಯೋಗದ ಅಂತಿಮ ವರದಿ ಬಂದದ್ದು 2012ರ ಮಾರ್ಚ್ 22ರಂದು. ಅದು ಏನು ಹೇಳಿತು, ಏನು ಹೇಳಲಿಲ್ಲ ಅನ್ನುವುದು ಮುಖ್ಯ. ಅಹರ್ನ್ ಲಂಚ ತಿಂದರು ಅಂತ ಹೇಳಲಿಲ್ಲ. ಗಿಲ್‌ಮಾರ್ಟಿನ್ ಕೇಳಿದ್ದಾಗಿ ಹೇಳಿದ ಹಣ ನಿಜವಾಗಿ ಕೈ ಬದಲಿಸಿತು ಅಂತಲೂ ತೀರ್ಮಾನಿಸಲಿಲ್ಲ. ಹೇಳಿದ್ದು ಇಷ್ಟು: 1,65,000 ಪೌಂಡ್‌ಗೂ ಮೀರಿದ ಹಣದ ಮೂಲದ ಬಗ್ಗೆ ಅವರು ಸತ್ಯವಾದ ವಿವರ ಕೊಡಲಿಲ್ಲ. ಗೆಳೆಯರು ಚಂದಾ ಎತ್ತಿದ ಕಥೆಯನ್ನು ಆಯೋಗ ನಂಬಲಿಲ್ಲ. ಅಹರ್ನ್ ಈ ತೀರ್ಮಾನವನ್ನು ಇವತ್ತಿಗೂ ಒಪ್ಪಿಲ್ಲ. ಇದಕ್ಕಾಗಿ ಅವರ ಮೇಲೆ ಕ್ರಿಮಿನಲ್ ಮೊಕದ್ದಮೆಯೂ ಆಗಲಿಲ್ಲ.

ಲಂಚ ಸಾಬೀತಾಗಲಿಲ್ಲವಲ್ಲ ಅಂತ ಅವರ ಪರ ಇರುವವರು ಹೇಳುತ್ತಾರೆ. ಆ ಮಾತು ನಿಜ. ಆದರೆ ಹಣ ಎಲ್ಲಿಂದ ಬಂತು ಅಂತ ಪ್ರಧಾನಿಯಾಗಿದ್ದವರು ಹೇಳದಿದ್ದರೆ, ಯಾಕೆ ಬಂತು ಅನ್ನುವುದು ಸಾಬೀತಾಗುವ ದಾರಿಯೇ ಮುಚ್ಚುತ್ತದೆ ಅಲ್ವಾ? ಅನುಮಾನದ ಲಾಭ ಅನುಮಾನ ಉಳಿಸಿದವರಿಗೇ ಸಿಗುವುದು ನ್ಯಾಯ ಅಂತ ನನಗೆ ಅನಿಸುವುದಿಲ್ಲ.

ಆ ಹೊತ್ತಿಗೆ ದೇಶ ಕುಸಿದಿತ್ತು. ಅಹರ್ನ್ ಹೋದ ಐದೇ ತಿಂಗಳಲ್ಲಿ, 2008ರ ಸೆಪ್ಟೆಂಬರ್ 29ರ ರಾತ್ರಿ, ಅವರ ಉತ್ತರಾಧಿಕಾರಿ ಬ್ರಯನ್ ಕೋವನ್ ಬ್ಯಾಂಕುಗಳ 440 ಬಿಲಿಯನ್ ಯೂರೋ ಹೊಣೆಗೆ ಸರ್ಕಾರದ ಗ್ಯಾರಂಟಿ ಕೊಟ್ಟರು. 2010ರಲ್ಲಿ ಯುರೋಪಿಯನ್ ಒಕ್ಕೂಟ ಮತ್ತು ಐಎಂಎಫ್ ಮುಂದೆ ಕೈಚಾಚಬೇಕಾಯಿತು. ಒಟ್ಟು ಪ್ಯಾಕೇಜ್ 85 ಬಿಲಿಯನ್. ಬ್ಯಾಂಕುಗಳನ್ನು ಉಳಿಸಲು ಸುರಿದದ್ದು ಸುಮಾರು 64 ಬಿಲಿಯನ್. ಮನೆಗಳ ಬೆಲೆ ಅರ್ಧಕ್ಕೆ ಬಂತು, ನಿರುದ್ಯೋಗ ಶೇ 15ರ ಹತ್ತಿರ ಹೋಯಿತು, ಹುಡುಗರು ಮತ್ತೆ ಆಸ್ಟ್ರೇಲಿಯಾ-ಕೆನಡಾ ವಿಮಾನ ಹತ್ತಿದರು. 2011ರ ಚುನಾವಣೆಯಲ್ಲಿ ಫಿಯಾನಾ ಫಾಲ್ 77ರಿಂದ 20 ಸ್ಥಾನಕ್ಕೆ ಇಳಿಯಿತು. ಅಹರ್ನ್ ಸ್ಪರ್ಧಿಸಲಿಲ್ಲ. 2015ರಲ್ಲಿ ಬ್ಯಾಂಕ್ ಕುಸಿತದ ಸಂಸದೀಯ ತನಿಖೆಯ ಮುಂದೆ ತಮ್ಮಿಂದಾದ ತಪ್ಪುಗಳಿಗೆ ಕ್ಷಮೆ ಕೇಳಿದರು, ಹಲವು ಕೆಲಸ ಸರಿಯಾಗಿಯೂ ಮಾಡಿದ್ದೆ ಅಂದರು. ಹಣದ ಖಾತೆಗಳಿಗಿಂತ ಈ ಕುಸಿತದಿಂದ ನೊಂದವರು ಎಷ್ಟೋ ಪಾಲು ಹೆಚ್ಚು. ಆದರೆ ಕುಸಿತಕ್ಕೆ ಹಲವರು ಕೈ ಜೋಡಿಸಿದ್ದರು, ಕೆಟ್ಟ ನೀತಿಗೆ ಜನರೇ ಮೂರು ಸಲ ಓಟು ಕೊಟ್ಟಿದ್ದರು. ಪ್ರಮಾಣದ ಮೇಲೆ ಹೇಳಿದ ಮಾತಿಗೆ ಒಬ್ಬರೇ ಹೊಣೆ.

ವರದಿ ಬಂದ ಎರಡೇ ದಿನಕ್ಕೆ, ಉಚ್ಚಾಟನೆ ಆಗುವ ಮುಂಚೆ, ಅಹರ್ನ್ ತಾವೇ ಪಕ್ಷ ಬಿಟ್ಟರು. ಉಚ್ಚಾಟನೆಗೆ ಮುಂದಾದ ನಾಯಕ ಮಿಹಾಲ್ ಮಾರ್ಟಿನ್, ಅಹರ್ನ್ ಸಂಪುಟದಲ್ಲಿ ಹನ್ನೊಂದು ವರ್ಷವೂ ಮಂತ್ರಿಯಾಗಿದ್ದವರು. 2023ರಲ್ಲಿ, ಗುಡ್ ಫ್ರೈಡೇ ಒಪ್ಪಂದಕ್ಕೆ 25 ವರ್ಷ ತುಂಬುವ ಎರಡು ತಿಂಗಳ ಮುಂಚೆ, ಅವರನ್ನು ವಾಪಸ್ ಸೇರಿಸಿಕೊಂಡದ್ದೂ ಮಾರ್ಟಿನ್ ನಾಯಕತ್ವದಲ್ಲೇ. ಬ್ರೆಕ್ಸಿಟ್ ಗಲಾಟೆಯಲ್ಲಿ ಗಡಿಯ ಪ್ರಶ್ನೆ ಮತ್ತೆ ಎದ್ದಾಗ ಅಹರ್ನ್ ಅನುಭವಕ್ಕೆ ಬೆಲೆ ಬಂದಿತ್ತು. ಆಯೋಗದ ವರದಿ ಬದಲಾಗಿರಲಿಲ್ಲ, ಅಹರ್ನ್ ಉತ್ತರವೂ ಬದಲಾಗಿರಲಿಲ್ಲ. ಬದಲಾದದ್ದು ಪಕ್ಷದ ಅಗತ್ಯ.

2025ರ ಅಧ್ಯಕ್ಷ ಚುನಾವಣೆಗೆ ಪಕ್ಷ ಅಹರ್ನ್ ಅವರನ್ನು ಬಿಟ್ಟು ಜಿಮ್ ಗ್ಯಾವಿನ್ ಅವರನ್ನು ನಿಲ್ಲಿಸಿತು. ಡಬ್ಲಿನ್ ಫುಟ್‌ಬಾಲ್ ತಂಡಕ್ಕೆ ಆರು ಸಲ ಅಖಿಲ ಐರ್ಲೆಂಡ್ ಪ್ರಶಸ್ತಿ ಗೆದ್ದುಕೊಟ್ಟ ಮ್ಯಾನೇಜರ್, ರಾಜಕೀಯಕ್ಕೆ ಹೊಸಬರು. ಅಕ್ಟೋಬರ್ 5ರಂದು ಅವರು ಕಣದಿಂದ ಹಿಂದೆ ಸರಿದರು. ಹಲವು ವರ್ಷದ ಹಿಂದೆ ಬಾಡಿಗೆದಾರರೊಬ್ಬರು ತಪ್ಪಾಗಿ ಹೆಚ್ಚು ಕಟ್ಟಿದ್ದ ಸುಮಾರು 3,300 ಯೂರೋ ವಾಪಸ್ ಕೊಟ್ಟಿರಲಿಲ್ಲ ಅನ್ನುವುದು ಕಾರಣ. ಎಡಪಕ್ಷಗಳ ಬೆಂಬಲದ ಕ್ಯಾಥರಿನ್ ಕಾನಲಿ ಶೇ 63 ಮತ ಪಡೆದು ಗೆದ್ದರು. ಅಹರ್ನ್ ನಿಂತಿದ್ದರೆ ಚೆನ್ನಾಗಿತ್ತು ಅನ್ನುವವರು ಈಗಲೂ ಇದ್ದಾರೆ. ಅವರು ಒಂದು ವಿಷಯ ಬಿಟ್ಟುಬಿಡುತ್ತಾರೆ. ಬಾಡಿಗೆಯ 3,300 ಯೂರೋಗೆ ಸ್ಪರ್ಧಿಯೊಬ್ಬರನ್ನು ಕೆಲವೇ ದಿನಗಳಲ್ಲಿ ಮನೆಗೆ ಕಳಿಸಿದ ದೇಶ ಅದು. ಅದೇ ಟಿವಿ ಚರ್ಚೆಗಳಲ್ಲಿ ಅಹರ್ನ್ ಮುಂದೆ 1994ರ ಡಿಸೆಂಬರ್‌ನ ಆ 45,000 ಡಾಲರ್ ಪ್ರಶ್ನೆ ಮತ್ತೆ ಬರುತ್ತಿತ್ತು. ಅದಕ್ಕೆ ಅವರು 2008ರಲ್ಲಿ ಕೊಟ್ಟಿದ್ದಕ್ಕಿಂತ ಬೇರೆ ಉತ್ತರವನ್ನು ಇದುವರೆಗೆ ಕೊಟ್ಟಿಲ್ಲ.